ಮಲಬದ್ಧತೆ ಅಂದ್ರೆ ನೆಗಡಿ ಔಷಧಿ ಕೊಟ್ರು! ಸ್ಪ್ಯಾನಿಷ್‌ನಲ್ಲಿ ‘ಕೊನ್ಸ್ತಿಪಾದೊ’ ಅಂದ್ರೆ ಏನು?

ದಾವಣಗೆರೆ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಓದೋಕೆ ಅಂತ ಸ್ಪೇನಿನ ವೇಲೆನ್ಸಿಯಾಕ್ಕೆ ಬಂದು ಐದು ತಿಂಗಳಾಯಿತು. ಸ್ಪ್ಯಾನಿಷ್ ಕಲಿತದ್ದೆಲ್ಲ ಇಂಗ್ಲಿಷ್ ಮೂಲಕ, ಮೊಬೈಲ್ ಆ್ಯಪ್‌ನಲ್ಲಿ. ನನ್ನ ರೂಮ್‌ಮೇಟ್ ಐರ್ಲೆಂಡಿನವಳು, ಅವಳದ್ದೂ ಅದೇ ಕಥೆ.

ಹೋದ ವಾರ ಅವಳಿಗೆ ನಾಲ್ಕು ದಿನದಿಂದ ಮಲಬದ್ಧತೆ. ಊಟ ಸೇರ್ತಿರಲಿಲ್ಲ, ಹೊಟ್ಟೆ ಕಲ್ಲಿನ ಹಾಗೆ ಆಗಿತ್ತು. ಇಬ್ಬರೂ ಮನೆ ಹತ್ತಿರದ ಮೆಡಿಕಲ್ ಶಾಪ್‌ಗೆ ಹೋದೆವು. ಅವಳು ‘ಎಸ್ತೊಯ್ ಕೊನ್ಸ್ತಿಪಾದ’ ಅಂದಳು. ಇಂಗ್ಲಿಷ್‌ನ ‘ಕಾನ್ಸ್‌ಟಿಪೇಟೆಡ್’ಗೆ ಕೊನೆಯಲ್ಲಿ ‘ಆದ’ ಹಚ್ಚಿದರೆ ಆಯಿತು, ಅದೇ ಸ್ಪ್ಯಾನಿಷ್ ಅಂತ ನಾವಿಬ್ಬರೂ ನಂಬಿದ್ದೆವು. ಕೌಂಟರ್‌ನಲ್ಲಿದ್ದವರು ‘ಅಯ್ಯೋ ಪಾಪ’ ಅನ್ನೋ ಹಾಗೆ ನೋಡಿ, ಜ್ವರ ಇದೆಯಾ, ಕೆಮ್ಮು ಇದೆಯಾ ಅಂತ ಕೇಳಿದರು. ಇಲ್ಲ ಅಂದೆವು. ಬಿಸಿನೀರಿಗೆ ಹಾಕಿ ಕುಡಿಯೋ ನಿಂಬೆ ವಾಸನೆಯ ಪುಡಿ ಕೊಟ್ಟರು.

ಎರಡು ದಿನ ಕುಡಿದಳು. ಏನೂ ಆಗಲಿಲ್ಲ. ಆಮೇಲೆ ಡಬ್ಬಿಯೊಳಗಿನ ಚೀಟಿ ಬಿಡಿಸಿ ಒಂದೊಂದೇ ಪದ ಹುಡುಕುತ್ತಾ ಓದಿದೆ. ಪ್ಯಾರಾಸಿಟಮಾಲ್, ಮೂಗು ಸೋರೋದು, ತಲೆನೋವು... ನೆಗಡಿ ಔಷಧಿ! ಅವಳು ಎರಡು ದಿನ ಸುಮ್ನೆ ಸಂಕಟಪಟ್ಟಳು ಅಂತ ನನಗೆ ತುಂಬಾ ಬೇಜಾರಾಯಿತು.

ಒಂದೇ ಪದ ಎರಡು ಭಾಷೆಯಲ್ಲಿ ಇಷ್ಟು ಬೇರೆ ಯಾಕಾಯಿತು? ಆರೋಗ್ಯದ ವಿಷಯದಲ್ಲಿ ಇಂಥ ಪದಗಳು ಇನ್ನೂ ಇವೆಯಾ? ಮುಂದಿನ ತಿಂಗಳು ಅಮ್ಮ ಬರ್ತಿದ್ದಾರೆ. ಅವರಿಗೆ ಶುಗರ್ ಇದೆ, ಬಿಪಿನೂ ಇದೆ. ಇಲ್ಲಿ ಏನಾದರೂ ಆದರೆ ಡಾಕ್ಟರ್ ಹತ್ತಿರ ಮಾತಾಡಬೇಕಾದವಳು ನಾನೇ. ಅದಕ್ಕೇ ಭಯ.

ಸ್ಪ್ಯಾನಿಷ್ ಮೇಷ್ಟ್ರು, ಬೆಂಗಳೂರು

ಬೇಜಾರು ಮಾಡ್ಕೋಬೇಡಿ. ಈ ಪದ ಇಂಗ್ಲಿಷ್‌ನಿಂದ ಬರೋ ಪ್ರತಿಯೊಬ್ಬರನ್ನೂ ಬೀಳಿಸುತ್ತೆ, ನನ್ನ ಕ್ಲಾಸಿನಲ್ಲಿ ಪ್ರತಿ ಬ್ಯಾಚಿಗೂ ಇದನ್ನು ಹೇಳಲೇಬೇಕು. ಸ್ಪೇನಿನಲ್ಲಿ ‘ಕೊನ್ಸ್ತಿಪಾದೊ’ ಅಂದರೆ ನೆಗಡಿ ಆಗಿದೆ ಅಂತ ಅರ್ಥ, ಹೆಂಗಸರು ಹೇಳುವಾಗ ‘ಕೊನ್ಸ್ತಿಪಾದ’. ನಿಮ್ಮ ಗೆಳತಿ ಹೇಳಬೇಕಾಗಿದ್ದದ್ದು ‘ಎಸ್ತೊಯ್ ಎಸ್ತ್ರೆನ್ಯಿದ’ ಅಂತ. ಮಲಬದ್ಧತೆಗೆ ‘ಎಸ್ತ್ರೆನ್ಯಿಮ್ಯೆಂತೊ’.

ಯಾಕೆ ಹೀಗಾಯಿತು ಅನ್ನೋದು ಕನ್ನಡದವರಿಗೆ ಬೇಗ ಹೊಳೆಯುತ್ತೆ. ಇಂಗ್ಲಿಷ್ ಪಕ್ಕಕ್ಕಿಟ್ಟು ನಮ್ಮ ‘ಕಟ್ಟು’ ಪದ ನೆನೆಸಿಕೊಳ್ಳಿ. ಮೂಗು ಕಟ್ಟಿದೆ ಅಂತೀವಿ, ಗಂಟಲು ಕಟ್ಟಿದೆ ಅಂತೀವಿ, ಹೊಟ್ಟೆ ಕಟ್ಟಿಕೊಂಡಿದೆ ಅಂತೀವಿ. ಮಲಬದ್ಧತೆಯಲ್ಲಿರೋ ‘ಬದ್ಧ’ ಅಂದರೂ ಕಟ್ಟಿದ್ದು ಅಂತಲೇ ಅಲ್ವಾ? ಲ್ಯಾಟಿನ್‌ನ ‘ಕೊನ್ಸ್ತಿಪಾರೆ’ ಕೂಡ ಹಾಗೇ. ಒತ್ತಿ ತುಂಬು, ಇಡುಕು ಅಂತ ಅದರ ಅರ್ಥ. ಎಲ್ಲಿ ಇಡುಕಿಕೊಂಡಿದೆ ಅಂತ ಆ ಪದ ಹೇಳೋದಿಲ್ಲ. ಇಂಗ್ಲಿಷ್‌ನವರು, ಫ್ರೆಂಚರು ಅದನ್ನು ಕರುಳಿಗೆ ಹಾಕಿದರು, ಸ್ಪೇನಿನವರು ನೆಗಡಿಗೆ ಹಾಕಿದರು. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟಿನಲ್ಲಿ ‘ಕೊನ್ಸ್ತಿಪಾರ್’ ಕ್ರಿಯಾಪದಕ್ಕೆ ಚರ್ಮದ ರಂಧ್ರಗಳು ಮುಚ್ಚಿಕೊಂಡು ಬೆವರು ಹೊರಗೆ ಹೋಗದ ಹಾಗೆ ಮಾಡೋದು ಅಂತ ಹಳೇ ಅರ್ಥ ಇದೆ. ಥಂಡಿಗೆ ಮೈಯೆಲ್ಲ ಮುಚ್ಚಿಕೊಂಡು ನೆಗಡಿ ಬರುತ್ತೆ ಅಂತ ಹಿಂದಿನವರು ನಂಬಿದ್ದರು.

ನೆಗಡಿಗೆ ಇನ್ನೊಂದು ಪದ ‘ರೆಸ್ಫ್ರಿಯಾದೊ’. ಅದರೊಳಗೆ ‘ಫ್ರೀಒ’ ಇದೆ, ತಣ್ಣಗೆ ಅಂತ. ನಾವು ‘ಶೀತ ಆಗಿದೆ’ ಅನ್ನೋ ಹಾಗೇ. ಇದನ್ನು ಬಳಸಿದರೆ ಯಾವ ದೇಶದಲ್ಲೂ ಗೊಂದಲ ಆಗೋದಿಲ್ಲ. ಯಾಕೆ ಹೇಳ್ತಿದ್ದೀನಿ ಅಂದರೆ, ಲ್ಯಾಟಿನ್ ಅಮೆರಿಕದ ಹಲವು ಕಡೆ ‘ಕೊನ್ಸ್ತಿಪಾದೊ’ ಅಂದರೆ ಮಲಬದ್ಧತೆಯೇ! ಹಾಗಾಗಿ ನಿಮ್ಮ ಆ್ಯಪ್ ಪೂರ್ತಿ ಸುಳ್ಳು ಹೇಳಿರಲಿಕ್ಕಿಲ್ಲ. ನೀವಿರೋ ಸ್ಪೇನಿನಲ್ಲಿ ಅದು ನಡೆಯೋದಿಲ್ಲ, ಅಷ್ಟೇ. ವೇಲೆನ್ಸಿಯಾದ ಸ್ಥಳೀಯ ಭಾಷೆಯಲ್ಲೂ ‘ಕೊನ್ಸ್ತಿಪಾತ್’ ಅಂದರೆ ನೆಗಡಿ.

ಕುಡ್ಲದವ, ಈಗ ಲಿಸ್ಬನ್

ಪೋರ್ಚುಗಲ್‌ನಲ್ಲೂ ಹಾಗೇ ಮಾರಾಯ್ರೆ. ಇಲ್ಲಿ ಚಳಿಗಾಲ ಶುರುವಾದರೆ ಆಫೀಸಿನಲ್ಲಿ ಅರ್ಧ ಜನ ‘ಕೊನ್ಶ್ತಿಪಾದು’. ಮೊದಲ ವರ್ಷ ನನಗೆ ಪಾಪ ಅನ್ನಿಸಿ, ರಾತ್ರಿ ಪಪ್ಪಾಯಿ ತಿನ್ನಿ ಅಂತ ಒಬ್ಬರಿಗೆ ಹೇಳಿದ್ದೆ. ಅವರು ಮೂಗು ಒರೆಸುತ್ತಾ ಸುಮ್ಮನೆ ನೋಡಿದರು. ಬ್ರೆಜಿಲ್‌ನವರು ಇದನ್ನು ಇಷ್ಟು ಬಳಸೋದಿಲ್ಲ, ನೆಗಡಿಗೆ ‘ಹೆಸ್ಫ್ರಿಯಾದು’ ಅಂತಾರೆ. ಮಲಬದ್ಧತೆಗೆ ಇಲ್ಲಿಯ ಮಾತು ‘ಪ್ರಿಜಾಂವ್ ದ ವೆಂತ್ರ್’, ಅಂದರೆ ಹೊಟ್ಟೆಯ ಸೆರೆವಾಸ. ಅದನ್ನು ಒಂದು ಸಲ ಕೇಳಿದರೆ ಮರೆಯೋದಿಲ್ಲ.

ಫಾರ್ಮಸಿ ಕೆಲಸದವಳು, ನ್ಯೂಜೆರ್ಸಿ

ನೀವು ಭಯ ಅಂದಿರಿ, ಆ ಭಯ ಸರಿಯಾದದ್ದೇ. ನಾನು ದಿನಾ ಸ್ಪ್ಯಾನಿಷ್ ಮಾತಾಡೋರಿಗೆ ಔಷಧಿ ಕೊಡೋಳು. ನಮ್ಮ ಕೆಲಸದವರೆಲ್ಲ ಮೊದಲು ಕಲಿಯೋದು ‘ಇಂತೊಕ್ಸಿಕಾದೊ’ ಅನ್ನೋ ಪದ.

1980ರಲ್ಲಿ ಫ್ಲಾರಿಡಾದಲ್ಲಿ 18 ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆ ಇಲ್ಲದೆ ಆಸ್ಪತ್ರೆಗೆ ತಂದರು. ಕ್ಯೂಬಾ ಮೂಲದ ಕುಟುಂಬ. ತಿಂದದ್ದೇನೋ ಮೈಗೆ ಆಗಿಬಂದಿಲ್ಲ ಅನ್ನೋ ಅರ್ಥದಲ್ಲಿ ಮನೆಯವರು ‘ಇಂತೊಕ್ಸಿಕಾದೊ’ ಅಂದರು. ಕ್ಯೂಬಾದವರ ಬಾಯಲ್ಲಿ ಅದು ತೀರಾ ಸಾಮಾನ್ಯ ಮಾತು. ಆಸ್ಪತ್ರೆಯವರ ಕಿವಿಗೆ ಅದು ಇಂಗ್ಲಿಷ್‌ನ ‘ಇಂಟಾಕ್ಸಿಕೇಟೆಡ್’ ಆಗಿ ಬಿತ್ತು. ಹುಡುಗ ಡ್ರಗ್ಸ್ ಜಾಸ್ತಿ ತಗೊಂಡಿದ್ದಾನೆ ಅಂತ ಆ ಚಿಕಿತ್ಸೆ ಶುರು ಮಾಡಿದರು. ನಿಜವಾಗಿ ಅವನ ಮೆದುಳಲ್ಲಿ ರಕ್ತಸ್ರಾವ ಆಗ್ತಿತ್ತು. ಅದು ಗೊತ್ತಾಗೋಷ್ಟರಲ್ಲಿ ಎರಡು ದಿನಕ್ಕೂ ಜಾಸ್ತಿ ಕಳೆದಿತ್ತು. ಅವನ ಎರಡೂ ಕೈ, ಎರಡೂ ಕಾಲು ಸ್ವಾಧೀನ ತಪ್ಪಿದವು. ಆಮೇಲೆ ಕೋರ್ಟು, ಅವನ ಜೀವಮಾನದ ಲೆಕ್ಕಕ್ಕೆ ಸುಮಾರು 7.1 ಕೋಟಿ ಡಾಲರ್ ಪರಿಹಾರ. ಅಷ್ಟು ದುಡ್ಡು ತಗೊಂಡು ಆ ಹುಡುಗ ಏನು ಮಾಡಬೇಕು ಹೇಳಿ. ನನಗೆ ಜಾಸ್ತಿ ಕಾಡೋದು ಏನಂದರೆ, ಅಲ್ಲಿ ಯಾರೂ ದುಭಾಷಿಯನ್ನು ಕರೆಸಲೇ ಇಲ್ಲ, ಯಾಕಂದರೆ ಮಾತು ಅರ್ಥವಾಯಿತು ಅಂತಲೇ ಎರಡೂ ಕಡೆಯವರಿಗೆ ಅನ್ನಿಸಿತ್ತು. ಪದ ಗೊತ್ತೇ ಇಲ್ಲದಿದ್ದರೆ ಕೇಳ್ತಿದ್ದರು.

ಇನ್ನೊಂದು ಇದರ ಉಲ್ಟಾ. ದಿನಕ್ಕೆ ಒಂದು ಸಲ ಅನ್ನೋಕೆ ಇಂಗ್ಲಿಷ್‌ನಲ್ಲಿ ‘ವನ್ಸ್’ ಅಂತ ಬರೀತಾರಲ್ವಾ, ಅದೇ ಅಕ್ಷರಗಳನ್ನು ಸ್ಪ್ಯಾನಿಷ್‌ನವರು ‘ಒನ್ಸೆ’ ಅಂತ ಓದ್ತಾರೆ, ಅಂದರೆ ಹನ್ನೊಂದು! ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕಂಪ್ಯೂಟರ್ ಸ್ಪ್ಯಾನಿಷ್‌ಗೆ ಅನುವಾದ ಮಾಡಿದ, ಔಷಧಿ ಡಬ್ಬಿಗೆ ಅಂಟಿಸೋ ಚೀಟಿಗಳ ಬಗ್ಗೆ 2010ರಲ್ಲಿ ಒಂದು ಅಧ್ಯಯನ ಬಂತು. 76 ಚೀಟಿ ನೋಡಿದಾಗ ಅರ್ಧದಷ್ಟರಲ್ಲಿ ತಪ್ಪಿತ್ತು. ಈ ‘ವನ್ಸ್’ ಅನ್ನು ಅನುವಾದಿಸದೆ ಹಾಗೇ ಬಿಟ್ಟದ್ದೂ ಅದರಲ್ಲಿತ್ತು. ಬಿಪಿ ಮಾತ್ರೆ ಡಬ್ಬಿಯ ಮೇಲೆ ಅದಿದ್ದರೆ ಏನಾಗಬಹುದು ಯೋಚಿಸಿ.

‘ಎಂಬರಸಾದ’ ಅಂದರೆ ಮುಜುಗರ ಅಲ್ಲ, ಬಸುರಿ. ಇದು ನಿಮಗೆ ಆಗಲೇ ಗೊತ್ತಿರಬಹುದು. ‘ಸಾನೊ’ ಅಂದರೆ ಆರೋಗ್ಯವಾಗಿದ್ದಾರೆ ಅಂತ, ಇಂಗ್ಲಿಷ್‌ನ ‘ಸೇನ್’ ಹಾಗೆ ಬುದ್ಧಿ ಸ್ಥಿಮಿತದಲ್ಲಿದೆ ಅಂತ ಅಲ್ಲ.

ಹಾಸನದವನು, ಮ್ಯಾಡ್ರಿಡ್

ಅಮ್ಮನ ವಿಷಯಕ್ಕೆ ನಾನು ಹೇಳ್ತೀನಿ, ನಮ್ಮ ಅಮ್ಮ ಎರಡು ಸಲ ಬಂದು ಹೋಗಿದ್ದಾರೆ. ನಿಮಗೆ ಮುಖ್ಯವಾಗಿ ಬೇಕಾದ ಪದ ‘ತೆನ್ಸ್ಯೊನ್’. ಸ್ಪೇನಿನಲ್ಲಿ ಅದು ಬಿಪಿ! ಮೊದಲ ಸಲ ಕ್ಲಿನಿಕ್‌ನಲ್ಲಿ ನರ್ಸ್ ಅಮ್ಮನ ತೋಳಿಗೆ ಪಟ್ಟಿ ಸುತ್ತುತ್ತಾ ‘ತೆನ್ಸ್ಯೊನ್’ ನೋಡ್ತೀನಿ ಅಂದರು. ಅಮ್ಮನಿಗೆ ಆ ಒಂದು ಪದ ಮಾತ್ರ ಕೇಳಿಸಿತು. “ನಂಗ್ಯಾವ ಟೆನ್ಷನ್ನೂ ಇಲ್ಲ ಕಣಪ್ಪ, ಮಗ ಸೊಸೆ ಚೆನ್ನಾಗಿ ನೋಡ್ಕೋತಾರೆ ಅಂತ ಹೇಳು” ಅಂದರು. ಪಟ್ಟಿ ಬಿಗಿಯಾಗ್ತಿತ್ತು, ಅವರು ಆ ನರ್ಸ್ ಕೈ ಹಿಡಿದುಕೊಂಡು ನಗ್ತಾ ಇದ್ದರು.

ಆಮೇಲೆ ಅಂಕಿ. ಇಲ್ಲಿನವರು 140, 90 ಅಂತ ಹೇಳೋದು ಕಡಿಮೆ, ಬಾಯಿಮಾತಲ್ಲಿ ‘14, 9’ ಅಂತಾರೆ. ಬಿಪಿ 14 ಅಂದಾಗ ನನ್ನ ಎದೆ ಧಸಕ್ ಅಂದಿತ್ತು. ಹತ್ತರಿಂದ ಗುಣಿಸಿಕೊಳ್ಳಿ, ನಮ್ಮ ಲೆಕ್ಕ ಸಿಗುತ್ತೆ. ಶುಗರ್ ಅಳತೆ ಮಾತ್ರ ನಮ್ಮ ಊರಿನದ್ದೇ, ಅದಕ್ಕೆ ಏನೂ ಬದಲಾಯಿಸೋದು ಬೇಡ. ವಯಸ್ಸಾದವರು ಇಲ್ಲೂ ‘ತೆಂಗೊ ಅಥೂಕರ್’ ಅಂತಾರೆ, ಸಕ್ಕರೆ ಇದೆ ಅಂತ, ನಮ್ಮ ‘ಶುಗರ್ ಇದೆ’ ಹಾಗೇ. ಡಾಕ್ಟರಿಗೆ ‘ಎಸ್ ದ್ಯಾಬೆತಿಕ’ ಅಂತ ನೇರವಾಗಿ ಹೇಳಿ.

ನೋವು ಇದೆಯಾ ಅಂತ ಕೇಳುವಾಗ ‘ಮೊಲೆಸ್ತಿಯಾಸ್’ ಅಂದರೆ, ಇಂಗ್ಲಿಷ್‌ನ ‘ಮೊಲೆಸ್ಟ್’ (ಲೈಂಗಿಕ ಕಿರುಕುಳ ಕೊಡೋದು) ನೆನಪಾಗಿ ಗಾಬರಿಯಾಗಬೇಡಿ. ಸ್ವಲ್ಪ ತೊಂದರೆ, ಕಿರಿಕಿರಿ ಅಂತ ಅಷ್ಟೇ. ‘ಗ್ರೀಪೆ’ ಅಂದರೆ ಫ್ಲೂ ಜ್ವರ. ನಾವು ಮಕ್ಕಳಿಗೆ ಹಾಕೋ ಗ್ರೈಪ್ ವಾಟರ್‌ನಲ್ಲಿರೋ ‘ಗ್ರೈಪ್’ನ ಅಕ್ಷರಗಳೇ ಅವು, ಆದರೆ ಆ ಇಂಗ್ಲಿಷ್ ಪದಕ್ಕೆ ಹೊಟ್ಟೆನೋವು ಅಂತ ಅರ್ಥ. ತುರ್ತಾದರೆ 112ಕ್ಕೆ ಫೋನ್ ಮಾಡಿ.

ದಾವಣಗೆರೆ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಅದೇ ಅಂಗಡಿಗೆ ಹೋಗಿ ‘ಎಸ್ತ್ರೆನ್ಯಿದ’ ಅಂತ ಹೇಳಿದೆವು. ಅವರು ಎರಡೂ ಕೈ ಕೆನ್ನೆಗೆ ಹಿಡಿದು ಕ್ಷಮೆ ಕೇಳಿದರು. ಅವರದ್ದೇನೂ ತಪ್ಪಿರಲಿಲ್ಲ. ಸರಿಯಾದ ಔಷಧಿ ಸಿಕ್ಕಿತು, ಇವತ್ತು ರೂಮ್‌ಮೇಟ್ ಆರಾಮಾಗಿದ್ದಾಳೆ.

ಅಮ್ಮನಿಗೆ ಒಂದು ಹಾಳೆ ಮಾಡ್ತಿದ್ದೀನಿ. ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಸ್ಪ್ಯಾನಿಷ್‌ನಲ್ಲಿ. ಪಾಸ್‌ಪೋರ್ಟ್ ಚೀಲದಲ್ಲಿ ಇಡೋಕೆ ಹೇಳ್ತೀನಿ. ಮಾತ್ರೆಗಳ ಹೆಸರು ಹೇಗೆ ಬರೀಲಿ? ಅಮ್ಮ ಫೋನಲ್ಲಿ ಪಟ್ಟಿ ಓದಿ ಹೇಳಿದ ಕಂಪನಿ ಹೆಸರೇ ಸಾಕಾ?

ಫಾರ್ಮಸಿ ಕೆಲಸದವಳು, ನ್ಯೂಜೆರ್ಸಿ

ಸಾಕಾಗಲ್ಲ. ನಮ್ಮ ಊರಿನ ಬ್ರ್ಯಾಂಡ್ ಹೆಸರು ಅಲ್ಲಿಯವರಿಗೆ ಗೊತ್ತಿರೋದಿಲ್ಲ. ಮಾತ್ರೆ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರೋ ಮೂಲ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ ಅನ್ನೋದು ಎರಡನ್ನೂ ಬರೆಯಿರಿ. ಅಮ್ಮನಿಗೆ ಪಟ್ಟಿಯ ಫೋಟೋ ತೆಗೆದು ಕಳಿಸೋಕೆ ಹೇಳಿ, ಫೋನಲ್ಲಿ ಓದಿಸಬೇಡಿ. ದಿನಕ್ಕೆ ಎಷ್ಟು ಸಲ ಅನ್ನೋದನ್ನು ಅಂಕಿಯಲ್ಲೇ ಬರೆಯಿರಿ.