ರಾಸ್ಪ್‌ಬೆರಿ ಪೈ ಮೇಲೆ ಟೈಲಿಂಗ್ ಡೆಸ್ಕ್‌ಟಾಪ್: ಬಳಸಿದವರು ಸ್ವಲ್ಪ ಹೇಳ್ತೀರಾ?

ಪೈ ಹೊಸಬ:
ನನ್ನ ಹತ್ರ 4 ಜಿಬಿಯ ರಾಸ್ಪ್‌ಬೆರಿ ಪೈ 4 ಇದೆ. ಅದರ ಜೊತೆ ಬರುವ ಡೆಸ್ಕ್‌ಟಾಪ್ ಬಿಟ್ಟು ಐ3 ಅಥವಾ ಸ್ವೇ, ಅಂದರೆ ಕಿಟಕಿಗಳನ್ನು ಒಂದರ ಮೇಲೊಂದು ಬೀಳದಂತೆ ಪಕ್ಕಪಕ್ಕ ಟೈಲ್ ತರಹ ಜೋಡಿಸುವ ಪ್ರೋಗ್ರಾಂ, ಹಾಕಿಕೊಳ್ಳೋಣ ಅಂತಿದ್ದೇನೆ. ಕೆಲಸ ಅಂದರೆ ಟರ್ಮಿನಲ್, ಸ್ವಲ್ಪ ಪೈಥಾನ್, ಬ್ರೌಸರ್, ಜೊತೆಗೆ ಕನ್ನಡ ಟೈಪಿಂಗ್. ಯಾವುದು ಹಾಕಲಿ? ಎಲ್ಲಿಂದ ಶುರು ಮಾಡಲಿ?

ಟರ್ಮಿನಲ್ ಪ್ರಿಯ:
ಯಾವುದು ಅನ್ನೋದು ಆಮೇಲೆ. ಮೊದಲು ಚಾರ್ಜರ್ ನೋಡಿ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ಮನೆಯಲ್ಲಿ ಬಿದ್ದಿರುವ ಫೋನ್ ಚಾರ್ಜರ್ ಹಾಕಿದರೂ ಆನ್ ಆಗುತ್ತದೆ. ಆದರೆ ಬ್ರೌಸರ್ ತೆರೆದ ಕೂಡಲೇ ವೋಲ್ಟೇಜ್ ಇಳಿದು ಪ್ರೊಸೆಸರ್ ವೇಗ ಕುಗ್ಗುತ್ತದೆ. ಮಾಮೂಲಿ ಡೆಸ್ಕ್‌ಟಾಪ್ ಆದರೆ ಮೂಲೆಯಲ್ಲಿ ಎಚ್ಚರಿಕೆ ತೋರಿಸುತ್ತದೆ. ಐ3ಗೆ ಬಂದ ಮೇಲೆ ಆ ಸೌಲಭ್ಯ ಇರುವುದಿಲ್ಲ, ಎಲ್ಲರೂ ಸುಮ್ನೆ ಐ3ಯನ್ನೇ ಬೈಯುತ್ತಾರೆ. ಟರ್ಮಿನಲ್‌ನಲ್ಲಿ 'ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್' ಅಂತ ಕೇಳಿ. 0ಎಕ್ಸ್0 ಬಂದರೆ ಸರಿ ಇದೆ. 0ಎಕ್ಸ್50005 ತರಹ ಏನಾದರೂ ಬಂದರೆ ಈಗಲೂ ವೋಲ್ಟೇಜ್ ಸಾಲುತ್ತಿಲ್ಲ ಅಂತ ಅರ್ಥ.

ಎರಡನೆಯದು ಶಾಖ. 80 ಡಿಗ್ರಿ ದಾಟಿದರೂ ವೇಗ ಕಡಿಮೆಯಾಗುತ್ತದೆ, ಹಾಗಾಗಿ ಹೀಟ್‌ಸಿಂಕ್ ಇರುವ ಕೇಸ್ ತಗೊಳ್ಳಿ. ಆಗೋದಾದರೆ ಎಸ್‌ಡಿ ಕಾರ್ಡ್ ಬದಲು ನೀಲಿ ಯುಎಸ್‌ಬಿ ಪೋರ್ಟ್‌ಗೆ ಎಸ್‌ಎಸ್‌ಡಿ ಹಾಕಿ ಬೂಟ್ ಮಾಡಿ. ನಿಜವಾದ ವ್ಯತ್ಯಾಸ ಕಾಣುವುದು ಇಲ್ಲಿ. ಟೈಲಿಂಗ್ ಹಾಕಿದರೆ ಪೈ ಹಾರುತ್ತದೆ ಅಂತ ಹೇಳೋರ ಮಾತನ್ನು ಅರ್ಧ ಮಾತ್ರ ನಂಬಿ. ಉಳಿಯುವುದು ಡೆಸ್ಕ್‌ಟಾಪ್ ತಿನ್ನುತ್ತಿದ್ದ ಮೆಮೊರಿ. ಕ್ರೋಮಿಯಂ ಬ್ರೌಸರ್ ತಿನ್ನುವುದು ಹಾಗೇ ಇರುತ್ತದೆ.

ಇನ್ನು ನಿಮ್ಮ ಪ್ರಶ್ನೆ. ನಾನಾದರೆ ಐ3. ಈಗಿರುವ ಪೈ ಓಎಸ್ ತೆಗೆಯಬೇಡಿ, ಅದರ ಮೇಲೇ ಆಪ್ಟ್‌ನಿಂದ (ಪ್ಯಾಕೇಜ್ ಹಾಕುವ ಕಮಾಂಡ್) ಹಾಕಿ, ಲಾಗಿನ್ ಸೆಷನ್ ಆಗಿ ಅದನ್ನು ಆರಿಸಿ. ಏನಾದರೂ ಕೆಟ್ಟರೆ ಹಳೇ ಡೆಸ್ಕ್‌ಟಾಪ್ ಇದ್ದೇ ಇರುತ್ತದೆ. ಮೊದಲ ಸಲ ತೆರೆದಾಗ ಕಾನ್‌ಫಿಗ್ (ಸೆಟ್ಟಿಂಗ್) ಫೈಲ್ ಮಾಡಿಕೊಡಲಾ, ಮಾಡ್ ಕೀ (ಶಾರ್ಟ್‌ಕಟ್‌ಗಳಿಗೆ ಜೊತೆಗೆ ಒತ್ತುವ ಕೀ) ವಿಂಡೋಸ್ ಕೀನಾ ಆಲ್ಟಾ ಅಂತ ಅದೇ ಕೇಳುತ್ತದೆ. ವಿಂಡೋಸ್ ಕೀ ಅನ್ನಿ. ಯಾಕೆ ಅಂತ ಕನ್ನಡ ಟೈಪ್ ಮಾಡುವಾಗ ಗೊತ್ತಾಗುತ್ತದೆ.

ಹಳೇ ಮಾನಿಟರ್:
ಚಾರ್ಜರ್ ಮಾತು ನೂರಕ್ಕೆ ನೂರು ನಿಜ. ಐ3 ವಿಷಯದಲ್ಲಿ ಮಾತ್ರ ನಾನು ಒಪ್ಪಲ್ಲ. ಪೈ ಓಎಸ್ 2023ರ ಅಕ್ಟೋಬರ್‌ನಲ್ಲಿ ಬುಕ್‌ವರ್ಮ್ ಆವೃತ್ತಿಗೆ ಬಂದಾಗಲೇ ಪೈ 4 ಮತ್ತು 5ರಲ್ಲಿ ಪರದೆ ಮೇಲೆ ಕಿಟಕಿ ತೋರಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್ ಕಡೆ ಹೊರಳಿತು. ಈಗ ಹೊಸದಾಗಿ ಕಲಿಯೋರು ಹಳೇ ವ್ಯವಸ್ಥೆ ಎಕ್ಸ್11 ಮೇಲೆ ನಿಂತಿರುವ ಐ3 ಯಾಕೆ ಕಲೀಬೇಕು? ಸ್ವೇ ನಿಂತಿರೋದು ವೇಲ್ಯಾಂಡ್ ಮೇಲೆ, ಅದರಲ್ಲಿ ಕೀಗಳು ಬಹುಪಾಲು ಅವೇ, ಕಾನ್‌ಫಿಗ್ ಬರೆಯುವ ರೀತಿಯೂ ಅದೇ. ವಿಡಿಯೊ ಓಡುವಾಗ ಚಿತ್ರ ಅಡ್ಡಡ್ಡ ಹರಿದಂತೆ ಕಾಣೋ ತೊಂದರೆ ಇರಲ್ಲ. ಟಿವಿಗೆ ಜೋಡಿಸಿ ಅಕ್ಷರ ಸಣ್ಣದಾಗಿ ಕಂಡರೆ ಔಟ್‌ಪುಟ್ ಸಾಲಿನಲ್ಲಿ 'ಸ್ಕೇಲ್ 1.5' ಅಂತ ಬರೆದರೆ ಆಯ್ತು.

ಒಂದೇ ಒಂದು ಎಚ್ಚರಿಕೆ. ಯಾರದ್ದೋ ಐ3 ಕಾನ್‌ಫಿಗ್ ತಂದು ಹಾಗೇ ಸುರಿಯಬೇಡಿ. ಐ3ನಲ್ಲಿ ಕಿಟಕಿಯನ್ನು ಗುರುತಿಸೋದು 'ಕ್ಲಾಸ್' ಹೆಸರಿನಿಂದ. ಸ್ವೇನಲ್ಲಿ ವೇಲ್ಯಾಂಡ್ ಆ್ಯಪ್‌ಗಳಿಗೆ 'ಆ್ಯಪ್ ಐಡಿ' ಬೇಕು. ಬ್ರೌಸರ್ ಯಾವಾಗಲೂ ಎರಡನೇ ವರ್ಕ್‌ಸ್ಪೇಸ್‌ಗೆ ಹೋಗಲಿ ಅಂತ ಬರೆದ ಸಾಲು ಏನೂ ಮಾಡದೆ ಕೂತಿರುತ್ತದೆ, ದೋಷ ಕೂಡ ತೋರಿಸಲ್ಲ. 'ಸ್ವೇಎಂಎಸ್‌ಜಿ' ಕಮಾಂಡ್‌ಗೆ 'ಗೆಟ್_ಟ್ರೀ' ಕೇಳಿದರೆ ಪ್ರತಿ ಕಿಟಕಿಯ ಐಡಿ ಸಿಗುತ್ತದೆ.

ಕೀಬೋರ್ಡ್ ಹುಳು:
ಇಬ್ಬರ ಜಗಳದ ಮಧ್ಯೆ ಬರಲ್ಲ 🙂 ಅಲಂಕಾರದ ಬಗ್ಗೆ ಮಾತ್ರ ಹೇಳುತ್ತೇನೆ. ಫೋಟೊಗಳಲ್ಲಿ ಕಾಣುವ ಮಸುಕು ಹಿನ್ನೆಲೆ, ಪಾರದರ್ಶಕ ಟರ್ಮಿನಲ್, ಇವೆಲ್ಲ ಪೈಗೆ ಸುಮ್ನೆ ಹೊರೆ. ಐ3ನಲ್ಲಿ ಇವನ್ನೆಲ್ಲ ಮಾಡುವ ಪಿಕಾಮ್ ಹಾಕದೆ ಇದ್ದರೆ ಏನೂ ಕಳೆದುಕೊಳ್ಳಲ್ಲ. ಕಿಟಕಿಗಳ ನಡುವೆ ಜಾಗ ಬೇಕಿದ್ದರೆ 'ಗ್ಯಾಪ್ಸ್ ಇನ್ನರ್ 6' ಸಾಕು. ಐ3 4.22ರಿಂದ ಅದು ಒಳಗೇ ಇದೆ, ಬೇರೆ ಆವೃತ್ತಿ ಹುಡುಕಬೇಕಿಲ್ಲ.

ಕಾನ್‌ಫಿಗ್ ಬದಲಿಸಿದಾಗ ಮಾಡ್, ಶಿಫ್ಟ್, ಸಿ ಒತ್ತಿ. ಎಲ್ಲೋ ಅಕ್ಷರ ತಪ್ಪಿದ್ದರೆ ಪರದೆ ಮೇಲ್ಗಡೆ ಕೆಂಪು ಪಟ್ಟಿ ಬರುತ್ತದೆ, ಅದರ ಬಟನ್ ಒತ್ತಿದರೆ ಯಾವ ಸಾಲು ಅಂತಲೇ ತೋರಿಸುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಆ ಪಟ್ಟಿ ನೋಡಿ ಹೆದರುವ ಹಾಗಿಲ್ಲ.

ವೈಫೈ ಐಕಾನ್ ಎಲ್ಲಿ ಹೋಯ್ತು ಅಂತ ಕೇಳ್ತೀರಿ, ಖಂಡಿತ. ಟರ್ಮಿನಲ್‌ನಲ್ಲಿ 'ಎನ್ಎಂಟಿಯುಐ' ತೆರೆದರೆ ಕೆಲಸ ಮುಗೀತು.

ಪೈ ಹೊಸಬ:
ಧನ್ಯವಾದ ಎಲ್ಲರಿಗೂ. ಹಳೇ ಡೆಸ್ಕ್‌ಟಾಪ್ ಇಟ್ಟುಕೊಂಡೇ ಸ್ವೇ ಹಾಕಿದೆ, ಚೆನ್ನಾಗಿದೆ. ಆದರೆ ಕೀಬೋರ್ಡ್ ಕನ್ನಡಕ್ಕೆ ಬದಲಿಸಿದ ಮೇಲೆ ಮಾಡ್ + ಡಿ ಒತ್ತಿದರೆ ಮೆನು ಬರುತ್ತಿಲ್ಲ. ಇಂಗ್ಲಿಷ್‌ಗೆ ವಾಪಸ್ ಬಂದರೆ ಬರುತ್ತದೆ!

ಟರ್ಮಿನಲ್ ಪ್ರಿಯ:
ಇದು ಎಲ್ಲ ಕನ್ನಡಿಗರಿಗೂ ಆಗೋದೇ. ಇನ್‌ಸ್ಕ್ರಿಪ್ಟ್ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಡಿ ಕೀ ಒತ್ತಿದರೆ ಬರುವುದು ಅರ್ಧಾಕ್ಷರದ ಚಿಹ್ನೆ. ಸ್ವೇ ಕಾಯುತ್ತಿರುವುದು 'ಡಿ' ಅಕ್ಷರಕ್ಕೆ, ಅದು ಸಿಗದೆ ಸುಮ್ಮನಿರುತ್ತದೆ. ಕಾನ್‌ಫಿಗ್‌ನಲ್ಲಿ ಶಾರ್ಟ್‌ಕಟ್ ಸಾಲುಗಳ ಪ್ರತಿ 'ಬೈಂಡ್‌ಸಿಮ್' ಪದ ಆದ ಮೇಲೆ ಎರಡು ಅಡ್ಡಗೀಟು ಹಾಕಿ 'ಟು-ಕೋಡ್' ಅಂತ ಸೇರಿಸಿ. ಆಗ ಅಕ್ಷರದ ಬದಲು ಕೀ ಇರುವ ಜಾಗವನ್ನೇ ನೋಡುತ್ತದೆ, ಯಾವ ಭಾಷೆಯಲ್ಲಿದ್ದರೂ ಮೆನು ಬರುತ್ತದೆ. ಐ3 ಬಳಸೋರು 'ಬೈಂಡ್‌ಕೋಡ್' ಬರೆದು ಕೀ ನಂಬರ್ ಕೊಡಬಹುದು. ಈ ಒಂದು ವಿಷಯದಲ್ಲಿ ಸ್ವೇ ಗೆದ್ದಿತು, ಒಪ್ಪಿದೆ.

ಭಾಷೆ ಬದಲಿಸಲು ಆಲ್ಟ್ + ಶಿಫ್ಟ್ ಇಟ್ಟುಕೊಂಡಿದ್ದರೆ ಮಾಡ್ ಕೀ ಆಲ್ಟ್ ಆಗಿರಬಾರದು ಅಂದಿದ್ದು ಇದಕ್ಕೇ. ಕಿಟಕಿ ಮುಚ್ಚಲು ಆಲ್ಟ್, ಶಿಫ್ಟ್, ಕ್ಯೂ ಒತ್ತೋಕೆ ಹೋದರೆ ಭಾಷೆಯೂ ಬದಲಾಗಿಬಿಡುತ್ತದೆ.

ಹಳೇ ಮಾನಿಟರ್:
ಇನ್ನೊಂದು. ಮೊದಲಿಂದ ಪೈ ಓಎಸ್‌ನ ಲೈಟ್ (ಡೆಸ್ಕ್‌ಟಾಪ್ ಇಲ್ಲದ) ಆವೃತ್ತಿ ಹಾಕಿಕೊಳ್ಳೋರಿಗೆ ಕನ್ನಡದ ಬದಲು ಚೌಕಗಳು ಕಂಡರೆ ಫಾಂಟ್ ಇಲ್ಲ ಅಂತ. ನೋಟೊ ಅಥವಾ ಗುಬ್ಬಿ ಫಾಂಟ್ ಪ್ಯಾಕೇಜ್ ಹಾಕಿ, ಎರಡೂ ಪೈ ಓಎಸ್‌ಗೆ ಆಧಾರವಾದ ಡೆಬಿಯನ್‌ನಲ್ಲಿವೆ. ಫಾಂಟ್ ಇದ್ದರೂ ಬಹಳ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ನೆಟ್ಟಗೆ ಕೂರಲ್ಲ. ಅವು ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಮನೆ ಕೊಡುತ್ತವೆ, ನಮ್ಮ 'ಸ್ತ್ರೀ' ಅದರಲ್ಲಿ ಹಿಡಿಸಲ್ಲ. ಕೋಡ್ ಟರ್ಮಿನಲ್‌ನಲ್ಲಿ ಬರೆಯಿರಿ, ಕನ್ನಡಕ್ಕೆ ಪಕ್ಕದ ಟೈಲ್‌ನಲ್ಲಿ ಮೌಸ್‌ಪ್ಯಾಡ್ ಅನ್ನೋ ಟೆಕ್ಸ್ಟ್ ಎಡಿಟರ್ ತೆರೆದಿಟ್ಟುಕೊಳ್ಳಿ.