ಇನ್ನೂ ಸಂದರ್ಶನ ಬಾಕಿ ಇದೆ, ಮಹಾಪ್ರಬಂಧ ಬರೆಯಲು ಯಾವಾಗ ಕೂರಬೇಕು?

ಹಿನ್ನೀರಿನ ಹುಡುಗಿ (ಪ್ರಶ್ನೆ):

ನಮಸ್ಕಾರ ಎಲ್ಲರಿಗೂ. ಶರಾವತಿ ಮುಳುಗಡೆಯಲ್ಲಿ ಊರು ಕಳೆದುಕೊಂಡ ಕುಟುಂಬಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ನೋಂದಣಿಯಾಗಿ ನಾಲ್ಕು ವರ್ಷ ದಾಟಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ, ಊರು ಬಿಟ್ಟ ದಿನವನ್ನು ಕಣ್ಣಾರೆ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇದುವರೆಗೆ 63 ಸಂದರ್ಶನ ಆಗಿದೆ. ಪ್ರತಿ ಮನೆಯಲ್ಲೂ ಹೊರಡುವಾಗ "ಅವರನ್ನೂ ಕಾಣು, ಅವರಿಗೆ ಇನ್ನೂ ಜಾಸ್ತಿ ಗೊತ್ತು" ಅಂತ ಇನ್ನೊಂದು ಹೆಸರು ಹೇಳುತ್ತಾರೆ. ಹೋಗದಿದ್ದರೆ ಮನಸ್ಸು ಕೇಳುವುದಿಲ್ಲ.

ಹೋದ ಮಳೆಗಾಲದಲ್ಲಿ ಆಯನೂರು ಕಡೆಯ ಒಬ್ಬ ಅಜ್ಜಿ "ಮಳೆ ಬಿಡಲಿ ಮಗಾ, ಕೂತು ಎಲ್ಲಾ ಹೇಳ್ತೀನಿ" ಅಂದಿದ್ದರು. ದಸರಾ ಕಳೆದು ಹೋದರೆ ಅಜ್ಜಿ ಇರಲಿಲ್ಲ. ಆವತ್ತಿನಿಂದ ಬರೆಯಲು ಕೂತಾಗೆಲ್ಲ ಇನ್ಯಾರನ್ನೋ ಕಳೆದುಕೊಳ್ಳುತ್ತಿದ್ದೇನೆ ಅನ್ನಿಸುತ್ತದೆ. ಗೈಡ್ ಸರ್ "ಸಾಕು, ಬರಿ" ಅನ್ನುತ್ತಾರೆ. ಬರೆದಿರುವುದು ಪ್ರಸ್ತಾವನೆಯ ಹನ್ನೆರಡು ಪುಟ, ಅದನ್ನೇ ಮೂರು ಸಲ ತಿದ್ದಿದ್ದೇನೆ. ನೀವೆಲ್ಲ ಯಾವಾಗ ಶುರು ಮಾಡಿದಿರಿ?

ಜಗಲಿಕಟ್ಟೆ:

ಅಜ್ಜಿಯ ವಿಷಯ ಓದಿ ಬೇಜಾರಾಯಿತು. ನಾನು ಮುಗಿಸಿ ಆರು ವರ್ಷವಾಯಿತು, ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ.

ನೀವು ಎರಡು ಕೆಲಸವನ್ನು ಒಂದೇ ಚೀಲಕ್ಕೆ ತುಂಬಿದ್ದೀರಿ ಅನ್ನಿಸುತ್ತದೆ. ಹಿರಿಯರ ಮಾತು ಉಳಿಸುವುದು ಊರಿನ ಕೆಲಸ, ಅದನ್ನು ನಿಲ್ಲಿಸಲೇಬೇಡಿ, ತಿಂಗಳಿಗೆ ಎರಡು ಭಾನುವಾರ ಅದಕ್ಕೇ ಇಡಿ. ಆದರೆ ಅದು ಮುಗಿಯಲಿ ಅಂತ ಪ್ರಬಂಧ ಕಾಯಬಾರದು, ಯಾಕೆಂದರೆ ಅದು ಮುಗಿಯುವ ಕೆಲಸವೇ ಅಲ್ಲ. ಪ್ರಬಂಧಕ್ಕೆ ಸಾಕಾಯಿತೋ ಇಲ್ಲವೋ ನೋಡಬೇಕಾದರೆ ಕೊನೆಯ ಹತ್ತು ಸಂದರ್ಶನ ತೆಗೆಯಿರಿ. ಲಾರಿಗೆ ಸಾಮಾನು ತುಂಬಿ ಕಾಡಿನಲ್ಲಿ ಇಳಿಸಿದ್ದು, ಹಕ್ಕುಪತ್ರಕ್ಕೆ ಅಲೆದದ್ದು, ಇದೇ ಮತ್ತೆ ಮತ್ತೆ ಬರುತ್ತಿದ್ದರೆ ಬರೆಯುವ ಹೊತ್ತು ಬಂದಿದೆ.

ನನ್ನ ವಿಷಯ 1951ರ ಕಾಗೋಡು ಸತ್ಯಾಗ್ರಹ, ಗೇಣಿ ರೈತರು ಜಮೀನುದಾರರ ವಿರುದ್ಧ ನಡೆಸಿದ ಹೋರಾಟ. ಸತ್ಯಾಗ್ರಹಿಗಳ ಮಕ್ಕಳು ಮೊಮ್ಮಕ್ಕಳನ್ನು ಹುಡುಕಿ ಹುಡುಕಿ ಮಾತಾಡಿಸಿದ್ದೆ, ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿನ ಬಗ್ಗೆಯೇ ಒಂದು ದಪ್ಪ ನೋಟ್‌ಬುಕ್ ತುಂಬಿತ್ತು. ಇನ್ನೇನು ಬೇಕು ಅಂದುಕೊಂಡು ಎರಡನೇ ಅಧ್ಯಾಯ ಬರೆಯುತ್ತಾ "ಗಂಡಸರು ಜೈಲಿಗೆ ಹೋದಾಗ ಮನೆಗಳಲ್ಲಿ" ಅಂತ ಒಂದು ವಾಕ್ಯ ಶುರು ಮಾಡಿದೆ, ಮುಗಿಸಲು ಆಗಲಿಲ್ಲ. ಒಲೆ ಹೇಗೆ ಉರಿಯಿತು, ಯಾರು ಸಾಲ ಕೊಟ್ಟರು, ಒಂದು ಸಾಲೂ ನನ್ನ ಹತ್ತಿರ ಇರಲಿಲ್ಲ, ಯಾಕೆಂದರೆ ಯಾವ ಹೆಂಗಸನ್ನೂ ನಾನು ಕೇಳಿರಲಿಲ್ಲ. ಆಮೇಲೆ ಹೋದದ್ದು ಏಳೇ ಮನೆಗೆ. ಅಧ್ಯಾಯ ನಿಂತದ್ದು ಆ ಏಳು ಮನೆಯಿಂದ. ಬರೆಯಲು ಕೂರದಿದ್ದರೆ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ತೀರ್ಥಹಳ್ಳಿ ತೋಟ:

ನಮ್ಮದು ವಿಜ್ಞಾನ, ಅಡಿಕೆ ಕೊಳೆರೋಗ, ಮಳೆಗಾಲ ಬರುವ ತನಕ ಕಾಯದೆ ಬೇರೆ ದಾರಿಯೇ ಇಲ್ಲ. ಆದರೂ ವಿಧಾನದ ಅಧ್ಯಾಯವನ್ನು ಮೊದಲ ವರ್ಷದ ಔಷಧಿ ಹೊಡೆದ ವಾರದಲ್ಲೇ ಬರೆದೆ. ಶೇ 1ರ ಬೋರ್ಡೋ ದ್ರಾವಣ ಹೇಗೆ ಮಾಡಿದೆ, ಯಾವ ಮರದ ಯಾವ ಗೊನೆಗೆ ಯಾವತ್ತು ಹೊಡೆದೆ, ಎಲ್ಲ ನೆನಪು ಹಸಿಯಾಗಿತ್ತು. ಮೂರು ವರ್ಷ ಬಿಟ್ಟು ಬರೆದಿದ್ದರೆ ಅರ್ಧ ಮರೆತಿರುತ್ತಿದ್ದೆ. ನೀವು ಪ್ರಸ್ತಾವನೆ ಮುಚ್ಚಿಡಿ, ಅದನ್ನು ಕೊನೆಗೆ ಬರೆದರಾಯಿತು.

ಶಂಕರಘಟ್ಟದ ಅಕ್ಕ:

ಮೇಲಿನ ಇಬ್ಬರದೂ ಸರಿ, ಆದರೆ ಕ್ಯಾಲೆಂಡರ್ ಬಗ್ಗೆ ಯಾರೂ ಹೇಳಲಿಲ್ಲ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಹೆಚ್ಚೆಂದರೆ 6 ವರ್ಷ, ಮರುನೋಂದಣಿ ಮಾಡಿಸಿದರೆ ಮತ್ತೆ 2, ಮಹಿಳೆಯರಿಗೆ ಅದರ ಮೇಲೆ ಇನ್ನೂ 2. ಇಷ್ಟೊಂದು ಇದೆಯಲ್ಲ ಅಂತ ಕೂರಬೇಡ ತಂಗಿ. ಜೆಆರ್‌ಎಫ್ (ಸಂಶೋಧನೆಗೆ ತಿಂಗಳು ತಿಂಗಳು ಬರುವ ಫೆಲೋಶಿಪ್) ಇದ್ದರೆ ಅದು ಐದು ವರ್ಷಕ್ಕೆ ನಿಲ್ಲುತ್ತದೆ, ಆಮೇಲೆ ಪಾಠಕ್ಕೆ ಸೇರಿ ರಾತ್ರಿ ಹತ್ತರ ಮೇಲೆ ಪ್ರಬಂಧ ಬರೆಯುವುದು ಬಹಳ ಕಷ್ಟ, ನಾನು ಎರಡು ವರ್ಷ ಹಾಗೆ ಬರೆದವಳು.

63ರಲ್ಲಿ ಎಷ್ಟನ್ನು ಅಕ್ಷರಕ್ಕೆ ಇಳಿಸಿದ್ದೀಯಾ? ಒಂದು ಗಂಟೆಯ ಮಾತು ಇಳಿಸಲು ನನಗೆ ಒಂದು ಇಡೀ ದಿನ ಹಿಡಿಯುತ್ತಿತ್ತು. ಇಳಿಸದೇ ಫೋನಿನಲ್ಲಿ ಬಿದ್ದಿರುವ ಮಾತು ಇನ್ನೂ ಸಿಕ್ಕಿಲ್ಲ ಅಂತಲೇ ಲೆಕ್ಕ. ಮೊದಲು ಎಲ್ಲದಕ್ಕೂ ಎರಡು ಕಡೆ ಪ್ರತಿ ಮಾಡಿಡು.

ಇನ್ನೊಂದು ಮಾತು, ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡು. ನಾನು ಹಳೆಯ ನುಡಿ ಫಾಂಟ್‌ನಲ್ಲಿ ಬರೆದು ಕೊನೆಗೆ ಬದಲಾಯಿಸಿದಾಗ ಒತ್ತಕ್ಷರ, ಅರ್ಕಾವೊತ್ತು ಎಲ್ಲ ಎಲ್ಲೆಲ್ಲೋ ಹೋಗಿ ಕೂತವು. 280 ಪುಟ, ಸಾಲು ಸಾಲು ತಿದ್ದಿದೆ, ಒಂದೂವರೆ ತಿಂಗಳು ಹೋಯಿತು.

ಹಿನ್ನೀರಿನ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಇಳಿಸಿದ್ದು 41 ಮಾತ್ರ. ಉಳಿದ 22ರ ಪ್ರತಿಯನ್ನು ನಿನ್ನೆ ರಾತ್ರಿಯೇ ಹಾರ್ಡ್ ಡಿಸ್ಕ್‌ಗೂ ಅಣ್ಣನ ಕಂಪ್ಯೂಟರ್‌ಗೂ ಹಾಕಿದೆ.

ಸರ್, ನೀವು ಹೇಳಿದ ಹಾಗೆ ಕೊನೆಯ ಹತ್ತನ್ನು ಕೂತು ಕೇಳಿದೆ. ಎಂಟರಲ್ಲಿ ಹೊಸದೇನೂ ಇಲ್ಲ. ಉಳಿದ ಎರಡರಲ್ಲಿ ದೇವರನ್ನು ಹೇಗೆ ತಂದರು ಅನ್ನುವುದು ಬರುತ್ತದೆ. ಒಬ್ಬರು ತಮ್ಮ ಅತ್ತೆ ಚೌಡಿಯ ಕಲ್ಲನ್ನು ಮಡಿಲಲ್ಲಿ ಕಟ್ಟಿಕೊಂಡು ಲಾರಿಯ ಹಿಂದೆ ಕೂತಿದ್ದರು, ದಾರಿಯುದ್ದಕ್ಕೂ ಇಳಿಸಲೇ ಇಲ್ಲ ಅಂದರು. ಆ ಮಾತು ಬಂದಾಗ ನಾನು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೇನೆ, ರೆಕಾರ್ಡಿಂಗ್‌ನಲ್ಲಿ ಕೇಳಿಸುತ್ತದೆ.

ಬೆಳಿಗ್ಗೆ ಅದನ್ನೇ ಇಟ್ಟುಕೊಂಡು ಮೂರನೇ ಅಧ್ಯಾಯದ ಒಂದೂವರೆ ಪುಟ ಬರೆದೆ. ಕಲ್ಲನ್ನು ಈಗ ಎಲ್ಲಿ ಇಟ್ಟಿದ್ದಾರೆ ಅನ್ನುವಲ್ಲಿಗೆ ನಿಂತಿದೆ. ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ.