ರೋಮ್‌ನಲ್ಲಿ ಎಲ್ಲಿ ನೋಡಿದರೂ ಮೂರು ಜೇನುನೊಣ, ಯಾಕೆ?

ಊರೂರು_ಸುತ್ತಾಟ:
ಹೋದ ತಿಂಗಳು ರೋಮ್‌ಗೆ ಹೋಗಿದ್ದೆವು. ಈಗ ಫೋಟೋ ಜೋಡಿಸುತ್ತಾ ಕೂತಿದ್ದೇನೆ, ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಚರ್ಚ್ ಬಾಗಿಲ ಮೇಲೆ, ಕಾರಂಜಿ ಮೇಲೆ, ಚಾವಣಿಯಲ್ಲಿ, ಎಲ್ಲಾ ಕಡೆ ಒಂದೇ ಥರದ ಲಾಂಛನ. ಮೂರು ಸುತ್ತಿನ ಎತ್ತರದ ಕಿರೀಟ, ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಬೀಗದ ಕೈ, ಕೆಳಗೆ ಗುರಾಣಿ. ಆದರೆ ಗುರಾಣಿಯೊಳಗಿನ ಚಿತ್ರ ಬದಲಾಗುತ್ತಲೇ ಇರುತ್ತದೆ. ಒಂದು ಕಡೆ ಮೂರು ಜೇನುನೊಣ, ಇನ್ನೊಂದು ಕಡೆ ಪಾರಿವಾಳ, ಮತ್ತೊಂದು ಕಡೆ ಬೆಟ್ಟದ ಮೇಲೆ ನಕ್ಷತ್ರ. ಜೇನುನೊಣ ಅಂತೂ ಜಾಸ್ತಿ. ಕೆಲವು ಕಡೆ ಕಿರೀಟದ ಬದಲು ಗೊಂಡೆ ಇಳಿಬಿಟ್ಟ ಅಗಲ ಟೋಪಿ ಇದೆ. ಇದನ್ನು ಓದೋದು ಹೇಗೆ? ಗೊತ್ತಿದ್ದವರು ಹೇಳಿ.

ಹಳೇಕಲ್ಲು:
ಒಳ್ಳೆ ಪ್ರಶ್ನೆ. ಕಿರೀಟ ಮತ್ತು ಬೀಗದ ಕೈ ಪೋಪ್ ಹುದ್ದೆಯದು, ಗುರಾಣಿ ಆಯಾ ಪೋಪ್‌ನ ಮನೆತನದ್ದು. ಸ್ವರ್ಗದ ಬೀಗದ ಕೈಗಳನ್ನು ನಿನಗೆ ಕೊಡುತ್ತೇನೆ ಅಂತ ಏಸು ತನ್ನ ಶಿಷ್ಯ ಪೇತ್ರನಿಗೆ (ಮೊದಲ ಪೋಪ್ ಅಂತ ಕ್ಯಾಥೊಲಿಕರು ನಂಬುವವನು) ಹೇಳಿದ ಮಾತಿದೆಯಲ್ಲ, ಅವೇ ಈ ಬೀಗದ ಕೈಗಳು. ಒಂದು ಚಿನ್ನದ್ದು, ಒಂದು ಬೆಳ್ಳಿಯದು. ಕಲ್ಲಿನಲ್ಲಿ ಕೆತ್ತಿದಾಗ ಬಣ್ಣ ಹೋಗಿಬಿಡುತ್ತದೆ, ಆಕಾರವಷ್ಟೇ ಉಳಿಯುತ್ತದೆ. ಗೊಂಡೆ ಟೋಪಿ ಇದ್ದರೆ ಅದು ಪೋಪ್ ಅಲ್ಲ, ಹೆಚ್ಚಾಗಿ ಕಾರ್ಡಿನಲ್, ಅಂದರೆ ಪೋಪ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಧರ್ಮಗುರು. ಜೇನುನೊಣದ ಮೇಲೆ ಆ ಟೋಪಿ ಕಂಡರೆ ಹೆಚ್ಚಾಗಿ ಪೋಪ್‌ನ ಅಣ್ಣತಮ್ಮಂದಿರ ಮಕ್ಕಳಲ್ಲಿ ಕಾರ್ಡಿನಲ್ ಆದವರದು.

ಜೇನುನೊಣ ಬಾರ್ಬೆರಿನಿ ಮನೆತನದ್ದು. ಎಂಟನೇ ಅರ್ಬನ್, 1623ರಿಂದ 1644ರವರೆಗೆ ಪೋಪ್ ಆಗಿದ್ದವರು. 21 ವರ್ಷ ಆಳಿದರು, ಜೊತೆಗೆ ಬೆರ್ನೀನಿಯಂಥ ಶಿಲ್ಪಿ ಸಿಕ್ಕಿದ. ಅದಕ್ಕೇ ಊರೆಲ್ಲಾ ಜೇನುನೊಣ. ಆಲಿವ್ ರೆಂಬೆ ಕಚ್ಚಿದ ಪಾರಿವಾಳ ಅವರ ನಂತರ ಬಂದ ಹತ್ತನೇ ಇನ್ನೊಸೆಂಟ್ ಅವರದು, ಪಾಂಫಿಲಿ ಮನೆತನ. ಆರು ಗುಡ್ಡ, ಮೇಲೊಂದು ನಕ್ಷತ್ರ ಇದ್ದರೆ ಏಳನೇ ಅಲೆಕ್ಸಾಂಡರ್, ಕೀಜಿ ಮನೆತನ, 1655ರಿಂದ 1667. ಹದ್ದು ಮತ್ತು ಡ್ರ್ಯಾಗನ್ ಒಟ್ಟಿಗೆ ಕಂಡರೆ ಬೋರ್ಗೇಸೆ, ಐದನೇ ಪಾಲ್. ಇಷ್ಟು ನೆನಪಿದ್ದರೆ ನಿಮ್ಮ ಅರ್ಧಕ್ಕಿಂತ ಜಾಸ್ತಿ ಫೋಟೋಗೆ ಹೆಸರು ಬರೆಯಬಹುದು.

ಒಂದು ಎಚ್ಚರಿಕೆ. ಲಾಂಛನ ಇದೆ ಅಂದ ಮಾತ್ರಕ್ಕೆ ಇಡೀ ಕಟ್ಟಡ ಅವರೇ ಕಟ್ಟಿಸಿದ್ದು ಅಂತ ಅಲ್ಲ. ದುರಸ್ತಿ ಮಾಡಿಸಿದವರೂ ಹಾಕಿಸುತ್ತಿದ್ದರು. ವಾಸ್ತುಶಿಲ್ಪಿ ಬೊರೊಮಿನಿಯ ಸಾಂತ್ ಇವೋ ಚರ್ಚ್ ಕೆಲಸ ಶುರುವಾದದ್ದು ಬಾರ್ಬೆರಿನಿ ಕಾಲದಲ್ಲಿ, ಆದರೆ ಮುಗಿಯುವ ಹೊತ್ತಿಗೆ ಮೂರನೇ ಪೋಪ್ ಬಂದಿದ್ದರು, ಹಾಗಾಗಿ ಗುಮ್ಮಟದೊಳಗೆ ತಲೆ ಎತ್ತಿ ನೋಡಿದರೆ ಕೀಜಿ ಗುಡ್ಡ, ನಕ್ಷತ್ರ.

ಸುಣ್ಣದ_ಗೋಡೆ:
ಮೇಲಿನವರು ಹೇಳಿದ್ದು ಸರಿ. ನನಗೆ ಇದರಲ್ಲಿ ಜಾಸ್ತಿ ಇಷ್ಟ ಆಗೋದು ಇನ್ನೊಂದು. ಈ ಪೋಪ್‌ಗಳ ಕಾಲಕ್ಕೆ, ಅಂದರೆ 17ನೇ ಶತಮಾನದ ಬರೋಕ್ ಶೈಲಿಗೆ, ಮುಂಚಿನವರು ಲಾಂಛನವನ್ನು ಗೋಡೆ ಮೇಲೆ ಗುರಾಣಿ ಮಾಡಿ ಕೂರಿಸಿ ಸುಮ್ಮನಾಗುತ್ತಿದ್ದರು. ಬರೋಕ್ ಕಾಲದವರು ಆ ಪ್ರಾಣಿಗಳನ್ನು ಗುರಾಣಿಯಿಂದ ಹೊರಗೆ ಬಿಟ್ಟರು. ಪಿಯಾತ್ಸಾ ನವೋನಾ ಚೌಕದ ನಾಲ್ಕು ನದಿಗಳ ಕಾರಂಜಿ (1651ರಲ್ಲಿ ಮುಗಿದದ್ದು) ನೆನಪು ಮಾಡಿಕೊಳ್ಳಿ. ಕಲ್ಲಿನ ಕಂಬದ ತುತ್ತತುದಿಯಲ್ಲಿ ಒಂದು ಕಂಚಿನ ಪಾರಿವಾಳ ಕೂತಿದೆ ಅಲ್ವಾ, ಅದು ಪಾಂಫಿಲಿ ಗುರಾಣಿಯಿಂದ ಹಾರಿ ಹೋಗಿ ಕೂತದ್ದು. ಕೆಳಗೆ ಡ್ಯಾನ್ಯೂಬ್ ನದಿಯ ಮೂರ್ತಿ ಕೈ ಚಾಚಿ ಪೋಪ್ ಲಾಂಛನವನ್ನು ಮುಟ್ಟುತ್ತಿದೆ.

ಬಾರ್ಬೆರಿನಿ ಅರಮನೆಯ ಚಾವಣಿಯಲ್ಲಿ ಪಿಯೆತ್ರೊ ದಾ ಕೊರ್ತೊನಾ 1630ರ ದಶಕದಲ್ಲಿ ಬರೆದ ಚಿತ್ರದಲ್ಲಂತೂ ಗುರಾಣಿಯೇ ಇಲ್ಲ. ಆಕಾಶದಲ್ಲಿ ಮೂರು ದೊಡ್ಡ ಜೇನುನೊಣ ಹಾರುತ್ತಿವೆ, ಸುತ್ತ ಲಾರೆಲ್ ಎಲೆಯ ಮಾಲೆ ಹಿಡಿದ ಹೆಂಗಸರು, ಮೇಲೆ ಕಿರೀಟ, ಬೀಗದ ಕೈ. ಆ ಮಾಲೆಯೇ ಗುರಾಣಿಯ ಅಂಚು. ಕತ್ತು ನೋಯುವ ತನಕ ನೋಡಿದ್ದೇನೆ.

ಇನ್ನು ವಿಯಾ ವೆನೆಟೋ ರಸ್ತೆ ಶುರುವಾಗುವ ಮೂಲೆಯ ಜೇನುನೊಣದ ಕಾರಂಜಿ, 1644ರದು. ಬಾಯಿ ತೆರೆದ ಚಿಪ್ಪು, ಅದರ ಮಡಿಕೆಯಲ್ಲಿ ಮೂರು ನೊಣ, ನೀರು ಕುಡಿಯಲು ಬಂದು ಕೂತ ಹಾಗಿವೆ. ಅದನ್ನು ಒಮ್ಮೆ ಬಿಚ್ಚಿ ಜಾಗ ಬದಲಿಸಿ ಕಟ್ಟಿದ್ದರಿಂದ ಈಗಿರುವ ಕಲ್ಲು ಬಹುಪಾಲು ಹೊಸದು.

ಕಂಚಿನ_ಗಂಟೆ:
ನನಗೆ ಇದು ಅಷ್ಟು ಸರಿ ಅನಿಸುವುದಿಲ್ಲ. ಸೇಂಟ್ ಪೀಟರ್ಸ್ ಚರ್ಚ್ ಒಳಗೆ, ಪೇತ್ರನ ಸಮಾಧಿಯ ಮೇಲೆ, ಬಲಿಪೀಠದ ಕಂಚಿನ ಮಂಟಪದಲ್ಲೂ ಒಂದು ಮನೆತನದ ನೊಣ ಯಾಕೆ ಬೇಕಿತ್ತು? ಕಂಬದ ಮೇಲೆ ನೊಣ, ಮೇಲಿನ ಜಾಲರಿಯಲ್ಲೂ ನೊಣ. ಪ್ರಾಚೀನ ರೋಮನ್ನರ ದೇವಾಲಯ ಪ್ಯಾಂಥಿಯಾನ್‌ನ ಮುಖಮಂಟಪದ ಹಳೇ ಕಂಚನ್ನು ಇದೇ ಪೋಪ್ ಕೀಳಿಸಿದ್ದು. ಅದರಲ್ಲಿ ಬಹುಪಾಲು ಹೋದದ್ದು ಫಿರಂಗಿ ಎರಕಕ್ಕೆ. ಬರ್ಬರರು ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು ಅಂತ ರೋಮ್ ಜನ ಆಗಲೇ ಆಡಿಕೊಂಡಿದ್ದರು. ಆ ಮಾತಿನಲ್ಲಿ ನೋವಿದೆ.

ಸುಣ್ಣದ_ಗೋಡೆ:
ಕಂಚಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ, ಅದು ತುಂಬಲಾರದ ನಷ್ಟ. ಆದರೆ ಅದೇ ಮಂಟಪದ ಬುಡಕ್ಕೆ ಒಮ್ಮೆ ಬನ್ನಿ. ಎಲ್ಲರೂ ಆ 29 ಮೀಟರ್ ಎತ್ತರ ನೋಡಿ ಹೊರಟುಬಿಡುತ್ತಾರೆ. ನಾಲ್ಕು ಕಂಬಗಳ ಕೆಳಗೆ ಅಮೃತಶಿಲೆಯ ಪೀಠಗಳಿವೆ, ಪ್ರತಿಯೊಂದರ ಹೊರಮೈಯಲ್ಲಿ ಎರಡೆರಡು, ಒಟ್ಟು ಎಂಟು ಬಾರ್ಬೆರಿನಿ ಗುರಾಣಿ. ಗುರಾಣಿಯ ಮೇಲ್ತುದಿಯಲ್ಲಿ ಒಂದು ಹೆಣ್ಣಿನ ಮುಖ ಇದೆ. ಬಲಿಪೀಠಕ್ಕೆ ಎದುರಾಗಿ ನಿಂತು ಎಡಗಡೆ ಮುಂದಿನ ಕಂಬದಿಂದ ಶುರು ಮಾಡಿ ಸುತ್ತು ಬನ್ನಿ. ಮೊದಲು ಮುಖ ಶಾಂತವಾಗಿದೆ. ಆಮೇಲೆ ಹುಬ್ಬು ಗಂಟಿಕ್ಕುತ್ತದೆ, ಬಾಯಿ ತೆರೆಯುತ್ತದೆ, ಕೂದಲು ಕೆದರುತ್ತದೆ. ಜೊತೆಗೆ ಗುರಾಣಿಯೂ ಹೊಟ್ಟೆಯ ಹಾಗೆ ಉಬ್ಬುತ್ತಾ ಹೋಗುತ್ತದೆ. ಎಂಟನೆಯದಕ್ಕೆ ಬಂದರೆ ಹೆಂಗಸು ಇಲ್ಲ, ನಗುವ ಮಗುವಿನ ಮುಖ. ಗುರಾಣಿಯ ಉಬ್ಬೂ ಇಳಿದಿದೆ. ಅದು ಹೆರಿಗೆ!

ಪೋಪ್ ಮನೆತನದ ಹೆಣ್ಣುಮಗಳೊಬ್ಬಳು ಕಷ್ಟದ ಹೆರಿಗೆಯಲ್ಲಿ ಉಳಿದದ್ದಕ್ಕೆ ಹೊತ್ತ ಹರಕೆ ಅಂತ ಒಂದು ಕಥೆ. ತಾಯಿಯಾದ ಚರ್ಚ್ ಪಡುವ ನೋವು ಅಂತ ಇನ್ನು ಕೆಲವರು. ಯಾವುದೇ ಇರಲಿ, ಒಂದು ಮನೆತನದ ಗುರುತಿನ ಮೇಲೆ ಹೆರಿಗೆ ನೋವನ್ನು ಕೆತ್ತಿದ್ದು ನನಗೆ ಬರೀ ದೊಡ್ಡಸ್ತಿಕೆ ತೋರಿಸಿದ ಹಾಗೆ ಕಾಣುವುದಿಲ್ಲ. ಹೆತ್ತವಳಿಗೆ ಆ ಮುಖ ತಕ್ಷಣ ಗೊತ್ತಾಗುತ್ತದೆ, ನನಗೆ ಗೊತ್ತಾಯಿತು.

ಕಂಚಿನ_ಗಂಟೆ:
ನಾನು ಎರಡು ಸಲ ಹೋಗಿದ್ದೇನೆ, ಆ ಪೀಠಗಳನ್ನು ನೋಡಲೇ ಇಲ್ಲ. ನಾಲ್ಕೂ ಕಡೆ ಒಂದೇ ಅಂತ ಮುಂದೆ ಹೋಗಿಬಿಟ್ಟೆ. ಪ್ಯಾಂಥಿಯಾನ್ ಬಗ್ಗೆ ನನ್ನ ಬೇಸರ ಹಾಗೇ ಇದೆ, ಆದರೆ ಇದನ್ನು ನೋಡಬೇಕು.

ಊರೂರು_ಸುತ್ತಾಟ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಫೋಟೋ ಹುಡುಕಿದೆ. ಎಂಟರಲ್ಲಿ ಮೂರು ಮಾತ್ರ ಇವೆ. ಒಂದರಲ್ಲಿ ಬಾಯಿ ತೆರೆದ ಮುಖ, ಅದನ್ನು ಯಾವುದೋ ರಾಕ್ಷಸಿ ಅಂದುಕೊಂಡು ತೆಗೆದಿದ್ದೆ. ಕೊನೆಯ ಮಗುವಿನ ಮುಖವೂ ಇದೆ. ಹೆಂಡತಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ, ಏನೂ ಹೇಳದೆ. ನೋಡಿದ ಕೂಡಲೇ "ಇವಳು ಹೆರುತ್ತಿದ್ದಾಳೆ" ಅಂದಳು.